ಶಾಖೆ ಅಂಗಡಿಯ ಲೆಕ್ಕಕ್ಕೊಂದು ಸುರಂಗ

ಮಧುಗಿರಿಯಲ್ಲಿ ಪ್ರಧಾನ ಅಂಗಡಿ, ಶಿರಾದಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಬದಿಗೆ ಗೋದಾಮು, ಕೊರಟಗೆರೆಯಲ್ಲಿ ಅಡಿಕೆ ಖರೀದಿ, ಪಾವಗಡದಲ್ಲಿ ಕಡಲೆಕಾಯಿ ಖರೀದಿ. ನಾಲ್ಕು ತಾಲ್ಲೂಕುಗಳಲ್ಲಿ ಹೀಗೆ ಹರಡಿಕೊಂಡ ವಹಿವಾಟು ಈ ಭಾಗಕ್ಕೆ ಹೊಸದಲ್ಲ. ಹಿಂದೆ ಸಂಜೆಯ ಬಸ್ಸಿನಲ್ಲಿ ಬರುವ ಚೀಟಿಯಿಂದಲೇ ಮರುದಿನದ ಲೆಕ್ಕ ನಡೆಯುತ್ತಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಲಾರಿ ಹೊರಡುವ ಮುನ್ನವೇ ಗೋದಾಮಿನ ದಾಸ್ತಾನು ಪ್ರಧಾನ ಅಂಗಡಿಯ ಗಣಕಯಂತ್ರದಲ್ಲಿ ಕಾಣಬೇಕಾದ ಕಾಲವಿದು.

ಆದರೆ ಶಾಖೆಗಳನ್ನು ಜೋಡಿಸಲು ಬಹಳಷ್ಟು ಕಡೆ ಅನುಸರಿಸುವ ಮಾರ್ಗ ಆತಂಕಕಾರಿಯಾದುದು. ಗಣಕಯಂತ್ರ ದುರಸ್ತಿಗೆ ಬಂದವನು ರೌಟರ್‌ನಲ್ಲಿ 3389 ಸಂಖ್ಯೆಯ ಪೋರ್ಟ್ ತೆರೆದು, ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ನೇರವಾಗಿ ಅಂತರಜಾಲಕ್ಕೆ ಒಡ್ಡಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೋಗುತ್ತಾನೆ. ಅಂಗಡಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ರಸ್ತೆಗೆ ತೆರೆದಿಟ್ಟಂತೆ ಇದು. ಜಗತ್ತಿನ ಯಾವ ಮೂಲೆಯಿಂದಾದರೂ ಸ್ವಯಂಚಾಲಿತ ತಂತ್ರಾಂಶಗಳು ಹಗಲಿರುಳು ಇಂಥ ಬಾಗಿಲುಗಳನ್ನು ಹುಡುಕುತ್ತಿರುತ್ತವೆ. ‘ನಮ್ಮಂಥ ಸಣ್ಣ ಅಂಗಡಿಯ ಲೆಕ್ಕ ಯಾರಿಗೆ ಬೇಕು?’ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ನುಗ್ಗುವವನಿಗೆ ಆ ಲೆಕ್ಕ ಬೇಕಿಲ್ಲ; ಅದು ಮಾಲೀಕನಿಗೆ ಬೇಕೆಂಬುದಷ್ಟೇ ಅವನಿಗೆ ಸಾಕು. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುತ್ತಾನೆ. ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮು ವಿಧಿಸುತ್ತದೆ. ಕಡತ ಕಳೆದುಕೊಂಡವನ ಕಷ್ಟ ಅಂಗಡಿಯೊಳಗೇ ಮುಗಿಯುವುದಿಲ್ಲ.

ದೊಡ್ಡ ಉದ್ದಿಮೆಗಳು ಇದಕ್ಕಾಗಿ ಪ್ರತ್ಯೇಕ ಬಾಡಿಗೆ ತಂತಿಮಾರ್ಗವನ್ನೇ ಪಡೆಯುತ್ತವೆ. ಪಾವಗಡದಲ್ಲೇ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅಂಥ ವಿದ್ಯುತ್ ಜಾಲಕ್ಕೆ ಸ್ವಂತ ಸಂಪರ್ಕ ಮಾರ್ಗಗಳ ವೆಚ್ಚ ಭಾರವಲ್ಲ. ಅದೇ ತಾಲ್ಲೂಕಿನ ಕಡಲೆಕಾಯಿ ಮಿಲ್ಲಿಗೆ ಆ ವೆಚ್ಚ ತಾಳದು. ಅದಕ್ಕೆ ಸೂಕ್ತವಾದುದು ಜಾಲಸುರಂಗ. ಒಂದು ಕಡೆಯ ದತ್ತಾಂಶವನ್ನು ಗೂಢಲಿಪಿಯ ಲಕೋಟೆಯಲ್ಲಿಟ್ಟು, ಸಾಮಾನ್ಯ ಅಂತರಜಾಲದ ಮೂಲಕವೇ ಸಾಗಿಸಿ, ಇನ್ನೊಂದು ತುದಿಯಲ್ಲಿ ಮಾತ್ರ ಬಿಡಿಸುವ ವ್ಯವಸ್ಥೆಯಿದು. ಹೊರಗಿನವರಿಗೆ ಲಕೋಟೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ.

ಈ ಲಕೋಟೆ ಕಟ್ಟುವ ಕೆಲಸ ಬಹುಮಟ್ಟಿಗೆ ನಡೆಯುವುದು ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ. ಲಿನಕ್ಸ್ ಕರ್ನೆಲನ್ನು ಸಿದ್ಧಪಡಿಸುವಾಗ ಪ್ರತಿಯೊಂದು ಸೌಲಭ್ಯಕ್ಕೂ ಆಯ್ಕೆಯಿರುತ್ತದೆ: ಒಳಗೇ ಸೇರಿಸುವುದು, ಬೇಕಾದಾಗ ತುಂಬಿಕೊಳ್ಳುವ ಮಾಡ್ಯೂಲ್ ಆಗಿ ಇಡುವುದು, ಇಲ್ಲವೇ ಬಿಟ್ಟುಬಿಡುವುದು. ಉಬುಂಟು, ಡೆಬಿಯನ್‌ಗಳಲ್ಲಿ ಸುರಂಗಕ್ಕೆ ಬೇಕಾದುದೆಲ್ಲ ಮಾಡ್ಯೂಲ್ ರೂಪದಲ್ಲಿ ಇದ್ದೇ ಇರುತ್ತದೆ. ಕರ್ನೆಲನ್ನು ಹೊಸದಾಗಿ ಕಟ್ಟುವ ಗೋಜಿಲ್ಲ. ತೊಂದರೆಯಾಗುವುದು ಅಗ್ಗದ ರೌಟರ್‌ಗಳಲ್ಲಿ. ಜಾಗ ಉಳಿಸಲು ತಯಾರಕರು ಅವನ್ನು ಕೈಬಿಟ್ಟಿರುತ್ತಾರೆ, ಇಲ್ಲವೇ ಕರ್ನೆಲ್ ತೀರ ಹಳೆಯದಾಗಿರುತ್ತದೆ. ವೈರ್‌ಗಾರ್ಡ್ ಸುರಂಗವು ಲಿನಕ್ಸ್ ಕರ್ನೆಲ್ ಸೇರಿದ್ದು 2020ರ ಮಾರ್ಚ್‌ನಲ್ಲಿ, 5.6ನೆಯ ಆವೃತ್ತಿಯಲ್ಲಿ. ಓಪನ್‌ವಿಪಿಎನ್‌ಗೆ ಟನ್ ಎಂಬ ಚಾಲಕ ಬೇಕು. ರೌಟರ್ ಕೊಳ್ಳುವಾಗ ಆಂಟೆನಾ ಎಷ್ಟೆಂದು ಎಣಿಸುವ ಬದಲು ಇವೆರಡರಲ್ಲಿ ಒಂದಾದರೂ ಇದೆಯೇ ಎಂದು ಕೇಳುವುದು ಲೇಸು.

ಹಳೆಯ ಪಿಪಿಟಿಪಿಯನ್ನು ಮಾತ್ರ ಯಾರೂ ಒಪ್ಪಬಾರದು. ‘ಎಲ್ಲ ಯಂತ್ರದಲ್ಲೂ ಇದೆ, ಸುಲಭ’ ಎಂದು ಅದನ್ನು ಹಾಕಿಕೊಡುವವರು ಇನ್ನೂ ಇದ್ದಾರೆ. ಅದರ ಗುರುತು ಪರೀಕ್ಷೆಯ ವಿಧಾನವನ್ನು ಒಂದು ದಿನದೊಳಗೆ ಮುರಿಯಬಹುದೆಂದು 2012ರಲ್ಲೇ ತೋರಿಸಲಾಯಿತು. ಆಪಲ್ 2016ರಲ್ಲಿ ತನ್ನ ದೂರವಾಣಿಗಳಿಂದ ಅದನ್ನು ತೆಗೆದುಹಾಕಿತು. ವಿಂಡೋಸ್ ಸರ್ವರ್‌ನ ಮುಂದಿನ ಆವೃತ್ತಿಗಳಿಂದ ಪಿಪಿಟಿಪಿ, ಎಲ್‌2ಟಿಪಿಗಳೆರಡನ್ನೂ ಕೈಬಿಡಲು ಮುಂದಾಗಿರುವುದಾಗಿ ಮೈಕ್ರೋಸಾಫ್ಟ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ಸುರಂಗ ಹಾಕಿದ ಮೇಲೂ ಕೆಲಸ ನಡೆಯದಿದ್ದರೆ ಕಾರಣಗಳು ಬಹುಪಾಲು ಸಣ್ಣವು. ಎಲ್ಲ ರೌಟರ್‌ಗಳೂ 192.168.1 ಎಂಬ ಒಂದೇ ವಿಳಾಸಶ್ರೇಣಿಯಲ್ಲಿ ಬಂದಿರುತ್ತವೆ. ಒಂದೇ ಮನೆಸಂಖ್ಯೆಯ ನಾಲ್ಕು ಮನೆಗಳಿದ್ದರೆ ಅಂಚೆಯವನು ಏನು ಮಾಡಿಯಾನು? ಮಧುಗಿರಿಗೆ 192.168.11, ಶಿರಾಕ್ಕೆ 12, ಕೊರಟಗೆರೆಗೆ 13, ಪಾವಗಡಕ್ಕೆ 14 ಎಂದು ಮೊದಲೇ ಬೇರ್ಪಡಿಸಬೇಕು. ಎರಡನೆಯದು ಸಾರ್ವಜನಿಕ ವಿಳಾಸದ ಪ್ರಶ್ನೆ. ರೌಟರ್‌ನ ಹೊರವಿಳಾಸ 100.64ರಿಂದ 100.127ರವರೆಗಿನ ಶ್ರೇಣಿಯಲ್ಲಿದ್ದರೆ ಅದು ಹಲವು ಗ್ರಾಹಕರು ಹಂಚಿಕೊಂಡ ಸಂಪರ್ಕ. ಹೊರಗಿನಿಂದ ಅದನ್ನು ತಲುಪಲಾಗದು. ನಾಲ್ಕು ಕಡೆಯೂ ಸ್ಥಿರ ವಿಳಾಸ ಬೇಕಿಲ್ಲ, ಪ್ರಧಾನ ಅಂಗಡಿಗೊಂದಿದ್ದರೆ ಸಾಕು. ಉಳಿದವು ಅಲ್ಲಿಗೆ ತಾವೇ ಕರೆ ಮಾಡಿ, ಸಂಪರ್ಕ ಜೀವಂತವಾಗಿರಲು 25 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳುಹಿಸುವಂತೆ ಮಾಡಬಹುದು. ಚಿಕ್ಕ ಸಂದೇಶ ಹೋಗುತ್ತದೆ, ದೊಡ್ಡ ಕಡತ ಅರ್ಧಕ್ಕೇ ನಿಲ್ಲುತ್ತದೆ ಎಂಬ ದೂರಿಗೆ ಕಾರಣ ಲಕೋಟೆಯ ಗಾತ್ರ. ವೈರ್‌ಗಾರ್ಡ್ ಸಾಮಾನ್ಯವಾಗಿ 1,420 ಬೈಟ್ ಇಟ್ಟುಕೊಳ್ಳುತ್ತದೆ; ಬಳಕೆದಾರ ಹೆಸರು, ಗುಪ್ತಪದ ಕೇಳುವ ಪಿಪಿಪಿಒಇ ಮಾದರಿಯ ಫೈಬರ್ ಸಂಪರ್ಕದಲ್ಲಿ 1,412ಕ್ಕೆ ಇಳಿಸಿದರೆ ಸಮಸ್ಯೆ ಬಗೆಹರಿಯುವುದುಂಟು.

ವಿಪಿಎನ್ ಎಂದೊಡನೆ ಕಾನೂನಿನ ಭಯ ಪಡುವವರೂ ಇದ್ದಾರೆ. ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಗ್ರಾಹಕರ ವಿವರಗಳನ್ನು 5 ವರ್ಷ ಇಡಬೇಕೆಂಬ ನಿಯಮವಿರುವುದು ಸಾರ್ವಜನಿಕರಿಗೆ ಈ ಸೇವೆ ಮಾರುವವರಿಗೆ. ಸಂಸ್ಥೆಯ ಸ್ವಂತ ಬಳಕೆಯ ವಿಪಿಎನ್‌ಗೆ ಅದು ಅನ್ವಯಿಸದೆಂದು ಆ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಇನ್ನು ಸುರಂಗವಿದ್ದ ಮಾತ್ರಕ್ಕೆ ಪ್ರತಿ ತೆಗೆದಿಡುವ ಹೊಣೆ ತಪ್ಪದು. ಪ್ರತ್ಯೇಕ ಡಿಸ್ಕಿನಲ್ಲಿ ಪ್ರತಿ ಇರಲೇಬೇಕು, ಪ್ರತಿ ತೆಗೆದೊಡನೆ ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿಡಬೇಕು.

ತಂತ್ರಾಂಶಕ್ಕೆ ಬೆಲೆಯಿಲ್ಲ, ಕೊರತೆಯಿರುವುದು ಬಲ್ಲವರದು. ಒಬ್ಬೊಬ್ಬ ವರ್ತಕರೂ ಬೆಂಗಳೂರಿನಿಂದ ತಜ್ಞರನ್ನು ಕರೆಸುವುದು ದುಬಾರಿ. ನಾಲ್ಕು ತಾಲ್ಲೂಕುಗಳ ವರ್ತಕ ಸಂಘಗಳು ಕೂಡಿ ಒಬ್ಬ ತಂತ್ರಜ್ಞನನ್ನು ವರ್ಷದ ಕರಾರಿನ ಮೇಲೆ ನೇಮಿಸಿಕೊಂಡರೆ ವೆಚ್ಚ ಹಂಚಿಹೋಗುತ್ತದೆ. ಆ ಕರಾರಿನಲ್ಲಿ ಎರಡು ಷರತ್ತುಗಳು ಇರಲೇಬೇಕು. ಸುರಂಗದ ಕೀಲಿಗಳ ಪಟ್ಟಿ, ಯಾವ ಕೀಲಿ ಯಾವ ಯಂತ್ರದ್ದೆಂಬ ವಿವರದೊಂದಿಗೆ, ಮಾಲೀಕನ ಕೈಯಲ್ಲಿರಬೇಕು. ಗುಮಾಸ್ತನು ಕೆಲಸ ಬಿಟ್ಟ ದಿನ, ಅಥವಾ ಅವನ ಮೊಬೈಲ್ ಕಳೆದ ದಿನ, ಅವನ ಕೀಲಿಯನ್ನು ಸಂಜೆಯೊಳಗೆ ರದ್ದುಪಡಿಸಬೇಕು.