ಚಿಗಳಿ ನೆನಪಲ್ಲ, ದುಡಿಮೆ

(1/4)
ಮೊನ್ನೆ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್ ಬಂತು. ಬಣ್ಣದ ಪ್ಯಾಕೆಟ್ಟಲ್ಲಿ ಕಡ್ಡಿಗೆ ಚುಚ್ಚಿದ ಚಿಗಳಿ, ಹಿಂದೆ ಹಳೇ ಹಾಡು, ಮೇಲೆ ‘ನೈಂಟೀಸ್ ಕಿಡ್ಸ್‌ಗೆ ಮಾತ್ರ ಗೊತ್ತು’ ಅಂತ ಬರಹ. ಎಲ್ಲರೂ ಹಾರ್ಟ್ ಒತ್ತಿದ್ರಿ. ನಾನೂ ಒತ್ತಿದೆ. ಆಮೇಲೆ ಸಿಟ್ಟು ಬಂತು. ನಾವು ಹುಟ್ಟಿದ್ದೇ 2000 ಆದಮೇಲೆ. ಆನಗೋಡಿನ ಸ್ಕೂಲ್ ಗೇಟ್ ಹತ್ರ ಚಿಗಳಿ ತಗೊಂಡು, ಬರೀ ಕಡ್ಡಿ ಉಳಿಯೋವರೆಗೂ ಚೀಪಿದವರು ನಾವಲ್ವಾ? ಮಾರೋ ಅಜ್ಜಿ ಇವತ್ತೂ ಅಲ್ಲೇ ಕೂತಿದ್ದಾರೆ. ಅಷ್ಟರಲ್ಲೇ ಅದು ‘ಹಳೇ ನೆನಪು’ ಹೇಗಾಯ್ತು?

(2/4)
ಅಮೆರಿಕದ ಜಾರ್ಜ್ ಸ್ಮಿತ್ 1908ರಲ್ಲಿ ಕಡ್ಡಿಗೆ ಕ್ಯಾಂಡಿ ಅಂಟಿಸಿ ಮಾರಿದ. ‘ಲಾಲಿಪಾಪ್’ ಹೆಸರು 1931ರಲ್ಲಿ ಟ್ರೇಡ್‌ಮಾರ್ಕ್ ಆಯ್ತು. ಸ್ಪೇನಿನ ಚುಪಾ ಚುಪ್ಸ್ 1958ರದ್ದು, ಅದರ ಹೂವಿನಂಥ ಲೋಗೋ 1969ರಲ್ಲಿ ಬರೆದದ್ದು ಚಿತ್ರಕಾರ ಸಾಲ್ವಡಾರ್ ಡಾಲಿ. ನಮ್ಮ ಚಿಗಳಿಗೆ ಟ್ರೇಡ್‌ಮಾರ್ಕೂ ಇಲ್ಲ, ಇಸವಿಯೂ ಇಲ್ಲ. ಹುಣಸೆ, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ, ಉಪ್ಪು. ಒರಳಲ್ಲಿ ಕುಟ್ಟು, ಉಂಡೆ ಕಟ್ಟು, ಕಡ್ಡಿ ಚುಚ್ಚು, ಮುಗೀತು.
‘ಅಪ್ಪಟ ನಮ್ಮದು’ ಅಂತ ಎದೆ ತಟ್ಕೊಳ್ಳೋದೂ ಬೇಡ. ಹುಣಸೆಯ ಮೂಲ ಆಫ್ರಿಕಾ, ಮೆಣಸಿನಕಾಯಿ ಬಂದದ್ದು ಅಮೆರಿಕ ಖಂಡದಿಂದ. ಕುಟ್ಟಿದ ಕೈ ಮಾತ್ರ ನಮ್ಮೂರಿನದು. ನಾವು ಮರೆತಿರೋದೂ ಅದನ್ನೇ.

(3/4)
ಬಿಕಾಂ ಓದ್ತೀವಲ್ಲ, ಲೆಕ್ಕ ಹಾಕೋಣ. ಈ ಬೇಸಿಗೆಯಲ್ಲಿ ನಮ್ಮಜ್ಜಿ ಜೊತೆ ಕೂತು ಮಾಡಿದೆ. ಹುಣಸೆಹಣ್ಣು ಕಾಲು ಕೆಜಿ 40 ರೂಪಾಯಿ, ಬೆಲ್ಲ ಕಾಲು ಕೆಜಿ 15, ಉಳಿದಿದ್ದಕ್ಕೆಲ್ಲ 10. ಒಟ್ಟು 65. ಉಂಡೆ ಬಂದದ್ದು 50. ಒಂದಕ್ಕೆ 1 ರೂಪಾಯಿ 30 ಪೈಸೆ!
‘ನೋಡಜ್ಜಿ, ಎರಡು ರೂಪಾಯಿಗೆ ಮಾರಿದ್ರೂ ಲಾಭ’ ಅಂದೆ. ಅಜ್ಜಿ ಕೆಂಪಾದ ಅಂಗೈ ತೋರಿಸಿದ್ಲು. ‘ಬೀಜ ಬಿಡಿಸಿದ್ದು, ನಾರು ತೆಗ್ದಿದ್ದು, ಕುಟ್ಟಿದ್ದು ಎಲ್ಲಿ ಬರ್ದಿ?’
ಎಲ್ಲೂ ಬರೆದಿರಲಿಲ್ಲ. ಮೂರು ಗಂಟೆ ಕೆಲಸ, ಡೈರೆಕ್ಟ್ ಲೇಬರ್ ಸೊನ್ನೆ. ಎಕ್ಸಾಮಲ್ಲಿ ಹೀಗೆ ಬರೆದ್ರೆ ಮಾರ್ಕ್ಸ್ ಕಟ್. ಹೆಂಗಸರ ಕೆಲಸದ ಲೆಕ್ಕ ಮಾತ್ರ ಮನೆಮನೆಯಲ್ಲೂ ಹೀಗೇ ನಡೀತಿದೆ.

(4/4)
‘ಹೈವೇ ಧೂಳು, ಕ್ಲೀನ್ ಇರಲ್ಲ’ ಅಂತೀರಾ? ನ್ಯಾಯವಾದ ಮಾತೇ. ಹಾಗಿದ್ರೆ ಒಂದು ಮುಚ್ಚಳದ ಡಬ್ಬಿ ತಂದುಕೊಡಿ, ಅವರೇನು ಬೇಡ ಅನ್ನಲ್ಲ. ಆದ್ರೆ ಅದೇ ರೋಡಲ್ಲಿ ನಿಂತು ಪಾನಿಪುರಿ ತಿನ್ನೋ ನಮಗೆ ಚಿಗಳಿ ಕಂಡಾಗ ಮಾತ್ರ ಧೂಳು ನೆನಪಾಗೋದು ಯಾಕೆ?
ಪ್ಯಾಕೆಟ್ ಚಿಗಳಿ ತಿನ್ನಬೇಡಿ ಅಂತ ನಾನು ಹೇಳ್ತಿಲ್ಲ. ಅದಕ್ಕೆ ಪ್ರಿಂಟ್ ಆದ ರೇಟು ಕೊಟ್ಟು ಸುಮ್ನೆ ಬರ್ತೀವಿ. ಗೇಟ್ ಹತ್ರ ಕೂತ ಅಜ್ಜಿ ‘ಐದು ರೂಪಾಯಿ’ ಅಂದ್ರೆ ‘ಮೂರಕ್ಕೆ ಕೊಡಜ್ಜಿ’ ಅಂತೀವಿ. ಆ ಎರಡು ರೂಪಾಯಿ ಅವರ ಅಂಗೈದು.
ನಾಳೆ ಬಸ್ ಇಳಿದಾಗ ಒಂದು ತಗೊಳ್ಳಿ. ಚೌಕಾಸಿ ಬೇಡ. ರೀಲ್ ಮಾಡೋದಾದ್ರೆ ಮೊದಲು ಅವರನ್ನ ಕೇಳಿ, ಮೇಲೆ ‘ನೆನಪು’ ಅಂತ ಬರೀಬೇಡಿ. ಅವರಿಗದು ಇವತ್ತಿನ ಊಟ.

#ಚಿಗಳಿ #ಆನಗೋಡು #ದಾವಣಗೆರೆ #ಅಜ್ಜಿಯಲೆಕ್ಕ