ಅಟ್ಟದ ಮೇಲಿನ ಪೆಟ್ಟಿಗೆಗಳು

ಪಾಳುಬಿದ್ದ ಆಸ್ಪತ್ರೆ, ಸೆರೆಮನೆ, ಶಾಲೆಗಳನ್ನು ಹೊಕ್ಕು ಛಾಯಾಚಿತ್ರ ತೆಗೆಯುವುದನ್ನು ಬರಿಯ ಹುಚ್ಚು ಹವ್ಯಾಸವೆಂದು ತಳ್ಳಿಹಾಕಲಾಗದು. ಆದರೆ ಗಾರೆ ಉದುರಿದ ಗೋಡೆಯ ಚೆಲುವಿಗಷ್ಟೇ ಮರುಳಾಗುವವರನ್ನು ನಾನು ಮೆಚ್ಚಲಾರೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1869ರಲ್ಲಿ ತೆರೆದ ವಿಲ್ಲಾರ್ಡ್ ಮಾನಸಿಕ ಆಸ್ಪತ್ರೆಯು 1995ರಲ್ಲಿ ಮುಚ್ಚಿದಾಗ, ಅದರ ಅಟ್ಟದ ಮೇಲೆ ರೋಗಿಗಳ 400ಕ್ಕೂ ಹೆಚ್ಚು ಪೆಟ್ಟಿಗೆಗಳು ದೊರೆತವು. ಸೇರುವಾಗ ತಂದವು ಅವು. ತಂದವರಲ್ಲಿ ಎಷ್ಟೋ ಮಂದಿ ಮನೆಗೆ ಮರಳಲೇ ಇಲ್ಲ. ಜಾನ್ ಕ್ರಿಸ್ಪಿನ್ ಎಂಬ ಛಾಯಾಗ್ರಾಹಕರು ತರುವಾಯ ಅವುಗಳನ್ನು ಒಂದೊಂದಾಗಿ ಚಿತ್ರಿಸಿದರು: ಬಟ್ಟೆ, ಪತ್ರ, ಭಾವಚಿತ್ರ, ಹೊಲಿಗೆಯ ದಾರ. ಗೋಡೆಯ ಚಿತ್ರ ಹೇಳದುದನ್ನು ಆ ದಾರದ ಉಂಡೆ ಹೇಳುತ್ತದೆ.

ರೋಗಿಗಳ ಪೂರ್ಣ ನಾಮಧೇಯವನ್ನು ಪ್ರಕಟಿಸಲು ಮಾತ್ರ ಗೋಪ್ಯತೆಯ ಕಾನೂನು ಅಡ್ಡಬಂದಿತು. ಗತಿಸಿದವರಿಗೆ ಇದೆಂತಹ ಮರ್ಯಾದೆ? ಹೆಸರನ್ನೂ ಹೊರತರಬೇಕೆಂದೇ ನನ್ನ ಅಭಿಮತ. ಅಲ್ಲಿಯ ಸ್ಮಶಾನದಲ್ಲಿಯೂ ಎಷ್ಟೋ ಸಮಾಧಿಗಳಿಗೆ ದೊರೆತದ್ದು ಸಂಖ್ಯೆಯೇ ಹೊರತು ಹೆಸರಲ್ಲ.