ಮುಟ್ಟಿ ನೋಡ್ರಿ ಸಾಹೇಬ್ರ

ನಮ್ಮ ಬಳಗದ ಗೆಳೆಯನೊಬ್ಬನ ಅವ್ವ ಇಪ್ಪತ್ನಾಲ್ಕು ದಿನ ಜ್ವರದಲ್ಲಿ ಬೆಂದಳು. ಊರು ಹಾನಗಲ್ ತಾಲೂಕಿನದು. ಹೆಸರು ಬೇಡ, ಅಂಥ ಕೇರಿ ಎಲ್ಲ ಊರಿಗೂ ಒಂದಿದೆ. ಮನೆಯಲ್ಲಿ ಏಳು ಆಡು, ಒಂದು ಎಮ್ಮೆ, ಕರೆಯದೆ ಬಂದು ಸೇರಿಕೊಂಡ ಒಂದು ನಾಯಿ. ಸಂಜೆ ಕೂಲಿಯಿಂದ ಬಂದು ಕಟ್ಟೆಯ ಮೇಲೆ ಕುಂತು ಆಡಿನ ಕಿವಿಯೊಳಗಿನ ಉಣ್ಣಿ ಕಿತ್ತು ಉಗುರಿನ ನಡುವೆ ಹಿಚುಕುವುದು ಆಕೆಗೆ ಕೆಲಸವೂ ಹೌದು, ಹೊತ್ತು ಕಳೆಯುವ ದಾರಿಯೂ ಹೌದು.

ಜ್ವರದ ನಾಲ್ಕನೆಯ ದಿನ ಮಗ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ನಡೆದ ಮಾತು ಇಷ್ಟು:

"ಏನಾಗೇತಿ?"

"ಜ್ವರಾ ರೀ ಸಾಹೇಬ್ರ. ಮೈ ಮುರದ ಬೀಳಾಕತ್ತೇತ್ರಿ. ತೊಡಿ ಸಂದ್ಯಾಗ ಉಣ್ಣಿ ಕಡದಿತ್ರಿ..."

"ಉಣ್ಣಿ ಕಡದ್ರ ಯಾರಿಗರ ಜ್ವರಾ ಬರ್ತಾವನಬೇ? ಸೂಜಿ ಮಾಡಿಸ್ಕೋ, ನಡಿ."

ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಸೂಜಿ ಚುಚ್ಚಿದವರು ಬೇರೆಯವರು. ರೋಗದ ಹೆಸರು ಆಕೆಯ ಬಾಯಲ್ಲೇ ಇತ್ತು, ಆದರೆ ಚೀಟಿಯ ಮೇಲೆ ಬರಲಿಲ್ಲ. ಎರಡನೆಯ ದವಾಖಾನೆಯಲ್ಲಿ ರಕ್ತ ತೆಗೆದು ಟೈಫಾಯ್ಡ್ ಅಂದರು. ಏಳು ದಿನ ಸಲಾಯಿನ್ ಏರಿಸಿದರು, ಮೂರು ಆಡು ಹೋದವು. ಮೂರನೆಯ ಕಡೆಯೂ ಟೈಫಾಯ್ಡೇ. ಗುಳಿಗೆಯ ಬಣ್ಣ ಮಾತ್ರ ಬೇರೆ, ಇನ್ನೆರಡು ಆಡು ಹೋದವು. ಅಲ್ಲಿನ ಬಾಯಾರು ಒಂದು ಪಾಠ ಕೂಡ ಹೇಳಿದರು: "ನಿಮ್ಮ ಓಣ್ಯಾಗ ಸ್ವಚ್ಛ ಇರ್ರಿ, ನೀರು ಕಾಸಿ ಕುಡೀರಿ." ಜ್ವರ ಇಳಿಯದೆ ಇದ್ದದ್ದಕ್ಕೆ ಔಷಧಿ ತಪ್ಪಿರಬಹುದೆಂದು ಯಾರೂ ಅನ್ನಲಿಲ್ಲ. ಓಣಿ ತಪ್ಪು ಅಂದರು.

ಇಪ್ಪತ್ತೆರಡನೆಯ ದಿನ ಆಕೆ ಮಗನ ಗುರುತು ಹಿಡಿಯದಾದಳು. ಆಮೇಲೆ ದೂರದ ದೊಡ್ಡ ಆಸ್ಪತ್ರೆ. ಅಲ್ಲಿ ಒಬ್ಬ ಹುಡುಗಿ ಡಾಕ್ಟರು, ನಮ್ಮ ವಯಸ್ಸಿನವಳೇ ಇರಬೇಕು, ಬಂದವಳೇ ಅವ್ವನ ಎರಡೂ ಅಂಗೈ ಹೊರಳಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಗಾಲು ನೋಡಿದಳು. "ಮನ್ಯಾಗ ಆಡು, ನಾಯಿ ಅದಾವೇನು?" ಅಂತ ಮಗನನ್ನು ಕೇಳಿದಳು. ಪರದೆ ಎಳೆದು, ಸೀರೆ ಸರಿಸಿ, ತೊಡೆಯ ಸಂದಿಯಲ್ಲಿ ಹುಡುಕಿದಳು. ಸುಟ್ಟ ಕಡ್ಡಿಯ ತುದಿ ತಾಗಿದಂಥ ಒಂದು ಕರೀ ಹಕ್ಕಳೆ ಸಿಕ್ಕಿತು. ಡಾಕ್ಸಿಸೈಕ್ಲಿನ್ ಕೊಟ್ಟರು. ಮೂರು ದಿನಕ್ಕೆ ಜ್ವರ ಬಿಟ್ಟಿತು. ಹೆಂಗಸರಿಗೆ ಬಸ್ಸು ಪುಕ್ಕಟೆ ಇದ್ದುದರಿಂದ ಮಗನದೊಂದೇ ಟಿಕೇಟು. ಆ ಟಿಕೇಟಿಗಿಂತ ಗುಳಿಗೆಯ ಪಟ್ಟಿ ಅಗ್ಗ.

ಅವ್ವ ಉಳಿದಳು. ಒಂದು ಕಿವಿ ಮಂದವಾಗಿದೆ. ಕೊಡ ಎತ್ತಿದರೆ ಕೈ ನಡುಗುತ್ತದೆ. ಏಳರಲ್ಲಿ ಎರಡು ಆಡು ಉಳಿದಿವೆ.

ಬಂಧುಗಳೇ, ಈ ರೋಗ ಹೊಸದಲ್ಲ. ವೈದ್ಯರ ಪುಸ್ತಕದಲ್ಲಿ ಇದಕ್ಕೆ ನಮ್ಮ ದೇಶದ ಹೆಸರೇ ಇದೆ: ಇಂಡಿಯನ್ ಟಿಕ್ ಟೈಫಸ್. ಟೈಫಾಯ್ಡ್ ಬೇರೆ, ಟೈಫಸ್ ಬೇರೆ. ರಿಕೆಟ್ಸಿಯಾ ಎಂಬ ಸೂಕ್ಷ್ಮಜೀವಿ ಉಣ್ಣಿಯ ಹೊಟ್ಟೆಯಲ್ಲಿದ್ದು, ಕಚ್ಚಿದಾಗ ಅಥವಾ ಗೀರಿದ ಚರ್ಮದ ಮೇಲೆ ಉಣ್ಣಿ ಹಿಚುಕಿದಾಗ ನಮ್ಮೊಳಗೆ ಬರುತ್ತದೆ. ಜ್ವರ, ತಲೆಶೂಲೆ, ಮೈಕೈ ನೋವು. ಮೂರ್ನಾಲ್ಕು ದಿನಕ್ಕೆ ಮೈಮೇಲೆ ಗುಳ್ಳೆ, ಅದು ಅಂಗೈ ಅಂಗಾಲಿಗೂ ಬರುತ್ತದೆ. ಕಚ್ಚಿದ ಜಾಗದಲ್ಲಿ ಕರೀ ಹಕ್ಕಳೆ ಕೆಲವರಿಗೆ ಇರುತ್ತದೆ, ಹಲವರಿಗೆ ಇರುವುದಿಲ್ಲ. ಟೈಫಾಯ್ಡಿಗೆ ಹಾಕುವ ಸೆಫ್ಟ್ರಿಯಾಕ್ಸೋನ್ ಇದರ ಕೂದಲನ್ನೂ ಕೊಂಕಿಸದು. ತಡವಾದರೆ ಮಿದುಳು, ಪುಪ್ಪುಸ, ಮೂತ್ರಪಿಂಡದವರೆಗೆ ಹೋಗುತ್ತದೆ. ವೀಲ್-ಫೆಲಿಕ್ಸ್ ಎಂಬ ಅಗ್ಗದ ರಕ್ತಪರೀಕ್ಷೆ ಇದೆ, ಆದರೆ ಅದು ಮೊದಲ ವಾರ ಸುಮ್ಮನಿರಬಹುದು, ಆಮೇಲೂ ತಪ್ಪು ಹೇಳಬಹುದು. ಆದ್ದರಿಂದ ಸಂಶಯ ಬಂದ ಕೂಡಲೇ ಔಷಧಿ ಶುರು ಮಾಡಬೇಕು, ವರದಿಗಾಗಿ ಕಾಯಬಾರದು ಎಂಬುದು ಬಲ್ಲ ವೈದ್ಯರ ಮಾತು. ಹಾಗಂತ ಈ ಹಾಳೆ ಓದಿ ನೀವೇ ಔಷಧಿ ಅಂಗಡಿಗೆ ಓಡಬೇಡಿ. ಬಸುರಿಯರಿಗೆ, ಕೂಸುಗಳಿಗೆ ಲೆಕ್ಕವೇ ಬೇರೆ.

ಸಂಶಯ ಬರುವುದು ಹೇಗೆ? ಮುಟ್ಟಿದರೆ. ಪುಸ್ತಕದ ಚಿತ್ರದಲ್ಲಿ ಗುಳ್ಳೆ ಕೆಂಪಗಿರುತ್ತವೆ, ಏಕೆಂದರೆ ಆ ಚಿತ್ರದ ಮೈ ಬೆಳ್ಳಗಿರುತ್ತದೆ. ನಮ್ಮ ಕರೀ ಮೈಮೇಲೆ ಅವು ಕೆಂಪಾಗಿ ಕೂಗುವುದಿಲ್ಲ. ಬೆಳಕಿಗೆ ಹಿಡಿಯಬೇಕು, ಬೆರಳಾಡಿಸಬೇಕು, ಕಂಕುಳು, ತೊಡೆಸಂದಿ, ಕಿವಿಯ ಹಿಂದೆ, ಕೂದಲ ಬುಡ ಹುಡುಕಬೇಕು. ಮೇಜಿನಾಚೆಯಿಂದ ಈ ರೋಗ ಕಾಣುವುದಿಲ್ಲ.

ಮೇಜಿನಾಚೆಯ ವೈದ್ಯವನ್ನು ಬಾಬಾಸಾಹೇಬರು ಬರೆದಿಟ್ಟಿದ್ದಾರೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮಾಸ್ತರರ ಪತ್ರ ಇದೆ. ಅದು 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಬಾಣಂತಿ ಹೆಂಡತಿಗೆ ಜ್ವರ. ಡಾಕ್ಟರು ಕೇರಿಯೊಳಗೆ ಬರಲೊಲ್ಲ. ಬಾಣಂತಿಯನ್ನೇ ಕೇರಿಯ ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ, ಅವರು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ಥರ್ಮಾಮೀಟರು ವಾಪಸು ಹೋಯಿತು. ನ್ಯುಮೋನಿಯಾ ಅಂದ, ಔಷಧಿ ಕಳಿಸಿದ. ಆಕೆ ಸತ್ತಳು. ಆ ಡಾಕ್ಟರು ಜ್ವರದ ಡಿಗ್ರಿಯನ್ನು ಸರಿಯಾಗಿಯೇ ಓದಿರಬೇಕು.

ಇವತ್ತು ಅಷ್ಟು ಬಹಿರಂಗವಾಗಿ ಯಾರೂ ಮಾಡುವುದಿಲ್ಲ, ಕಾನೂನಿದೆ. ನಮ್ಮ ಅವ್ವನನ್ನು ಮುಟ್ಟದೆ ಕಳಿಸಿದ್ದು ಜಾತಿಯೋ, ಹೊರಗೆ ಸಾಲಿನಲ್ಲಿ ನಿಂತ ನೂರು ಮಂದಿಯ ಅವಸರವೋ ನಾವು ಆಣೆ ಮಾಡಿ ಹೇಳಲಾರೆವು. ಆ ಡಾಕ್ಟರನ್ನು ಕೇಳಿದರೆ ಅವರಿಗೂ ಗೊತ್ತಿರಲಿಕ್ಕಿಲ್ಲ. ಹೀಗೆ ಗೊತ್ತಾಗದಂತೆ ಇರುವುದೇ ಈ ಕಾಲದ ಮೈಲಿಗೆಯ ಜಾಣತನ. ಆದರೆ ಹೆಸರು ಬರೆಸುವಾಗ "ಯಾವ ಓಣಿ?" ಅಂತ ಕೇಳಿದ್ದು ಮಾತ್ರ ನಮಗೆ ನೆನಪಿದೆ.

ಈ ಉಣ್ಣಿ ಯಾರ ಮೈಗೆ ಹತ್ತಿರ ಅನ್ನುವುದನ್ನೂ ನೋಡಿ. ಕೊಟ್ಟಿಗೆ ಬಾಚುವವರು, ಕುರಿ ಆಡು ಕಾಯುವವರು, ಪುಳ್ಳೆ ಸೌದೆಗೆ ಹೋಗುವವರು. ಸತ್ತ ದನ ಹೊರುವುದನ್ನು ನಮ್ಮ ಹಿರಿಯರ ಕುತ್ತಿಗೆಗೆ ಕಟ್ಟಿದ್ದರಲ್ಲ, ಆ ಕೆಲಸ ನೋಡಿ. ಪ್ರಾಣ ಹೋದ ಮೈ ತಣ್ಣಗಾದಂತೆ ಉಣ್ಣಿ ಅದನ್ನು ಬಿಟ್ಟು ಬಿಸಿ ಮೈ ಹುಡುಕುತ್ತದೆ. ಹತ್ತಿರ ಇದ್ದ ಬಿಸಿ ಮೈ ಯಾರದು? ಆ ಜ್ವರಗಳನ್ನು ಯಾರೂ ಎಣಿಸಿಲ್ಲ.

ಉಣ್ಣಿಯೇ ತರುವ ಇನ್ನೊಂದು ಜ್ವರ ನಮ್ಮ ಗಡಿಯಲ್ಲೇ ಇದೆ. ಹಾನಗಲ್ಲಿನ ಎಲ್ಲೆ ದಾಟಿದರೆ ಸೊರಬ ತಾಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳಲ್ಲಿ ಮನುಷ್ಯರೂ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಆಫ್ರಿಕಾ, ದಕ್ಷಿಣ ಅಮೆರಿಕಾದ ಹಳದಿ ಜ್ವರ ಬಂತೋ ಎಂದು ಮೊದಲು ಹೆದರಿದರು. ಕೊನೆಗೆ ಸಿಕ್ಕಿದ್ದು ಲೋಕಕ್ಕೆ ಹೊಸದಾದ ಒಂದು ವೈರಸ್ಸು, ರಷ್ಯಾದ ಕಾಡಿನ ಉಣ್ಣಿ ರೋಗದ ಬಳಗದ್ದು. ಹೊತ್ತು ತರುವುದು ಕಾಡಿನ ಉಣುಗು. ವಿಜ್ಞಾನಿಗಳು ಅದಕ್ಕೆ ಕಾಡಿನ ಹೆಸರಿಟ್ಟರು. ಹಳ್ಳಿಯ ಜನ ಮಂಗನ ಕಾಯಿಲೆ ಅಂದರು. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಇದ್ದ ಗಂಟು ಸೌದೆಗೆ, ಸೊಪ್ಪಿಗೆ ಹೋದವರ ಹೆಸರಿನಲ್ಲೇ ಇತ್ತು.

ಇದು ಮಲೆನಾಡಿನ ಚಿಂತೆ, ನಮಗೇನು ಅನ್ನಬೇಡಿ. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಸುಗ್ಗಿ ಮುಗಿದ ಮೇಲೆ ಮಂದಿ ಅಡಿಕೆ ಸುಲಿಯಲಿಕ್ಕೆ, ತೋಟದ ಕೂಲಿಗೆ ಘಟ್ಟದ ಕಡೆ ಹೋಗುತ್ತಾರೆ. ಆ ಕಾಡಿನ ಮರಿ ಉಣುಗು ಮನುಷ್ಯರನ್ನು ಹೆಚ್ಚು ಕಚ್ಚುವುದೂ ಅದೇ ಚಳಿಗಾಲದಿಂದ ಬೇಸಿಗೆಯವರೆಗೆ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ. ಅಷ್ಟರಲ್ಲಿ ಲೆಕ್ಕ ಮುಗಿಸಿ ಊರಿಗೆ ಬಂದಿರುತ್ತಾನೆ. ಸಾಗರದ ಡಾಕ್ಟರಿಗೆ ಹೊಳೆಯುವ ಮಾತು ಸವಣೂರಿನ ಡಾಕ್ಟರಿಗೆ ಹೊಳೆಯಬೇಕೆಂದೇನೂ ಇಲ್ಲ. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರೆ ತಾನೆ? ಈ ವೈರಸ್ಸಿಗೆ ಡಾಕ್ಸಿಸೈಕ್ಲಿನ್ ನಾಟುವುದಿಲ್ಲ, ಬೇರೆ ಮದ್ದೂ ಇಲ್ಲ. ಹೊತ್ತಿಗೆ ಸರಿಯಾಗಿ ಮಾಡಿದ ಆರೈಕೆಯೇ ಜೀವ ಉಳಿಸುವುದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬಂದು ತಲೆಗೇರುತ್ತದೆ. ಬದುಕಿದವರಿಗೂ ತಿಂಗಳುಗಟ್ಟಲೆ ನಿಶ್ಶಕ್ತಿ. 1990ರಿಂದ ಕೊಡುತ್ತಿದ್ದ ಲಸಿಕೆ ಕಸುವಿಲ್ಲವೆಂದು 2022ರಲ್ಲಿ ನಿಂತಿತು. 2018ರ ಕೊನೆಗೆ ಸಾಗರ ತಾಲೂಕಿನ ಅರಲಗೋಡಿನಲ್ಲಿ ಶುರುವಾದ ಸಾವುಗಳು, 2024ರಲ್ಲಿ ಮತ್ತೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನಲ್ಲಿ ಎದ್ದ ಜ್ವರ ನಿಮಗೆ ನೆನಪಿರಬೇಕು. ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯನ್ನು ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ಹಂಚುತ್ತಾರೆ. ಕೂಲಿಗೆ ಹೋದ ನಾವು ಆ ಊರಿನವರಲ್ಲ ಅಂತ ಕೇಳಲು ನಾಚುತ್ತೇವೆ. ನಾಚಬೇಡಿ, ಕೇಳಿ ಇಸಿದುಕೊಳ್ಳಿ.

ಅಮೆರಿಕದ ಒಬ್ಬ ತಾಯಿಯ ಕತೆ ಹೇಳಬೇಕು. ಕನೆಕ್ಟಿಕಟ್ ರಾಜ್ಯದ ಲೈಮ್ ಊರಿನ ಪಾಲಿ ಮರೆ. ಆಕೆಗೂ ಮಕ್ಕಳಿಗೂ ವರ್ಷಗಟ್ಟಲೆ ಕೀಲುಬಾವು, ಜ್ವರ, ಮೈಮೇಲೆ ಬೊಕ್ಕೆ. ವೈದ್ಯರಿಗೆ ಏನೂ ಸಿಗಲಿಲ್ಲ, ಎಲ್ಲ ನಿನ್ನ ತಲೆಯಲ್ಲೇ ಇದೆ ಅಂದರು. ಆಕೆ ಬರೆದಿಟ್ಟಳು: ಯಾವ ದಿನ, ಯಾರಿಗೆ, ಯಾವ ಕೀಲು. ಓಣಿಯಲ್ಲಿ ಇನ್ನೂ ಯಾರಿಗೆ. 1975ರಲ್ಲಿ ಆ ಬರಹ ಹಿಡಿದು ಆರೋಗ್ಯ ಇಲಾಖೆಯ ಬಾಗಿಲು ಬಡಿದಳು. ವಿಜ್ಞಾನಿಗಳು ಬಂದರು, ಕೆಲವೇ ವರ್ಷಗಳಲ್ಲಿ ಉಣ್ಣಿಯೊಳಗಿನ ಬ್ಯಾಕ್ಟೀರಿಯಾ ಸಿಕ್ಕಿತು. ಆಕೆ ಬಿಳಿ ಹೆಂಗಸು, ಓದಿದವಳು, ಮನೆಯಲ್ಲಿ ಟೆಲಿಫೋನಿತ್ತು. ಅಂಥವಳ ಮಾತನ್ನೇ ನಂಬದವರು ಉಗುರಿನಲ್ಲಿ ಉಣ್ಣಿ ಹಿಚುಕುವ ನಮ್ಮವ್ವನ ಮಾತನ್ನು ಸುಮ್ಮನೆ ನಂಬಿಯಾರೇ? ಆದರೆ ನೋಟ್‌ಬುಕ್ಕಿಗೆ ಜಾತಿಯಿಲ್ಲ, ಪೆನ್ನಿಗೂ ಇಲ್ಲ. ಈಗ ಪ್ರತಿ ಕೇರಿಯಲ್ಲೂ ಹೈಸ್ಕೂಲು ಮುಟ್ಟಿದ ಒಬ್ಬ ಹುಡುಗಿಯಾದರೂ ಇದ್ದಾಳೆ.

ಆದ್ದರಿಂದ ಜ್ವರ ಬಂದವರ ಜೊತೆ ಒಬ್ಬರು ಹೋಗಿ. ಮೂರು ಮಾತು ಹೇಳಿ: ಯಾವ ದಿನ ಜ್ವರ ಬಂತು, ಅದಕ್ಕೆ ಮೊದಲು ಎಲ್ಲಿಗೆ ಕೂಲಿಗೆ ಹೋಗಿದ್ದರು, ಮನೆಯಲ್ಲಿ ಯಾವ ಪ್ರಾಣಿ, ಉಣ್ಣಿ ಕಡಿದಿತ್ತೇ. ಎಣಿಸಿದರೆ ನಾಲ್ಕಾಗುತ್ತವೆ, ಇರಲಿ. "ಇದನ್ನ ಚೀಟಿ ಮ್ಯಾಲ ಬರೀರಿ ಸಾಹೇಬ್ರ" ಅನ್ನಿ. ಬರೆಯುವ ತನಕ ಅಲ್ಲೇ ನಿಲ್ಲಿ. ಟೈಫಾಯ್ಡ್ ಔಷಧಿಗೆ ನಾಲ್ಕೈದು ದಿನದಲ್ಲಿ ಜ್ವರ ಬಗ್ಗದಿದ್ದರೆ ಅದೇ ಚೀಟಿ ಹಿಡಿದು ಮತ್ತೆ ಹೋಗಿ, ಉಣ್ಣಿ ಜ್ವರ ಇರಬಹುದೇ ಅಂತ ಕೇಳಿ. ಘಟ್ಟದಿಂದ ಬಂದವರಿದ್ದರೆ ರಕ್ತವನ್ನು ಮಂಗನ ಕಾಯಿಲೆಯ ಪರೀಕ್ಷೆಗೂ ಕಳಿಸಿರಿ ಅನ್ನಿ. ಸಿಟ್ಟಾಗುತ್ತಾರೆ, ಆಗಲಿ. ನಾವು ಬೈಯಲಿಕ್ಕೆ ಹೋಗಿಲ್ಲ, ಜಗಳ ಬೇಡ. "ಮುಟ್ಟಿ ನೋಡ್ರಿ ಸಾಹೇಬ್ರ, ಅಂಗೈ ನೋಡ್ರಿ" ಅನ್ನುವುದರಲ್ಲಿ ಬೈಗುಳ ಯಾವುದಿದೆ?

ಉಣ್ಣಿ ಮೈಗೆ ಕಚ್ಚಿಕೊಂಡಿದ್ದರೆ ಬೀಡಿಯಿಂದ ಸುಡಬೇಡಿ, ಚಿಮಣಿ ಎಣ್ಣೆ ಹಾಕಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ, ಸಾಬೂನಿನಿಂದ ತೊಳೆಯಿರಿ. ಉಗುರಿನಲ್ಲಿ ಹಿಚುಕಬೇಡಿ. ಇದನ್ನು ನಮ್ಮ ಅವ್ವನಿಗೆ ಹೇಳಿದರೆ "ಮತ್ತ ಸಂಜೀಮುಂದ ನಾ ಏನ್ ಮಾಡ್ಲಿ?" ಅಂತ ಕೇಳಿದಳು.

ಶಿಗ್ಗಾವಿಯ ಸಭೆಯಲ್ಲಿ ಈ ಕತೆ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು, ತನ್ನ ಮಗ ಘಟ್ಟದಿಂದ ಬಂದು ಒಂಬತ್ತು ದಿನಕ್ಕೆ ತೀರಿಕೊಂಡ, ಚೀಟಿಯಲ್ಲಿ 'ಜ್ವರ' ಅಂತಷ್ಟೇ ಬರೆದಿದ್ದರು ಅಂದ. ಯಾವ ವರ್ಷ ಅಂತ ಕೇಳಿದರೆ ಹೇಳಲಾರದೆ ಕುಂತುಬಿಟ್ಟ. ಮುಂದಿನ ಸಭೆ ಹಿರೇಕೆರೂರಿನಲ್ಲಿ. ನಲವತ್ತು ಪುಟದ ಒಂದು ನೋಟ್‌ಬುಕ್ಕು ಬಾಗಿಲ ಹತ್ತಿರದ ಮೇಜಿನ ಮೇಲೆ ಇರುತ್ತದೆ. ಬರುವಾಗ ನಿಮ್ಮ ಓಣಿಯಲ್ಲಿ ಯಾರು, ಯಾವ ತಿಂಗಳು, ಎಲ್ಲಿಂದ ಬಂದ ಮೇಲೆ ಮಲಗಿದರು ಅನ್ನುವುದನ್ನು ಕೇಳಿಕೊಂಡು ಬನ್ನಿ. ಮೊದಲನೆಯ ಪುಟದಲ್ಲಿ ಆ ಮುದುಕನ ಮಗನನ್ನು ಬರೆದಿದ್ದೇವೆ. ವರ್ಷದ ಜಾಗ ಖಾಲಿ ಬಿಟ್ಟಿದ್ದೇವೆ.